ಅಕ್ಕನ ಮನೆಯ 'ಜಪಾನ್ ಚಾಕು': ಒಂದು ಮಡಿಸುವ ಚಾಕುವಿನ ಮೂಲ ಹುಡುಕಿದ ಪ್ರಕರಣ

ಸಕಲೇಶಪುರದ ಹತ್ತಿರವಿರುವ ಅಕ್ಕನ ಮನೆಯ ಹೆಂಚು ಕೈಯಾಡಿಸುವ ಕೆಲಸ ಮಳೆಗಾಲಕ್ಕೆ ಮುಂಚೆ ನಡೆಯಿತು. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಕೆಳಗೆ ಬಂತು. ಅದರೊಳಗೆ ಕಾಫಿ ಮಾರಿದ ಹಳೆಯ ರಸೀದಿಗಳ ಕಟ್ಟು, ಬಣ್ಣಗೆಟ್ಟ ಖಾಕಿ ಬಟ್ಟೆಯ ತುಂಡು, ನಾಲ್ಕಾಗಿ ಮಡಿಸಿದ ಸೇನೆಯ ಬಿಡುಗಡೆ ಪತ್ರ ಮತ್ತು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮಡಿಸುವ ಚಾಕು ಇದ್ದವು. ಭಾವನ ತಂದೆ ತೀರಿಕೊಂಡದ್ದು 1987ರಲ್ಲಿ. ಅಂದಿನಿಂದ ಆ ಚಾಕುವನ್ನು ಯಾರೂ ಕಂಡಿರಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಅದರ ಹೆಸರು ಗೊತ್ತಿತ್ತು: ಜಪಾನ್ ಚಾಕು. ಯುದ್ಧದಲ್ಲಿ ಸತ್ತ ಜಪಾನಿ ಸೈನಿಕನೊಬ್ಬನ ಜೇಬಿನಿಂದ ತೆಗೆದುಕೊಂಡದ್ದು ಎಂಬ ಕಥೆಯೂ ಅದರ ಜೊತೆಗಿತ್ತು.

ಅಕ್ಕನ ಮಗ ಅಂದೇ ಸಂಜೆ ಫೋನ್ ಮಾಡಿದ. "ಮಾವ, ತಾತನ ಚಾಕು ಸಿಕ್ಕಿದೆ. ಪೂರ್ತಿ ತುಕ್ಕು. ಉಪ್ಪುಕಾಗದ ಹಾಕಿ ಉಜ್ಜಿ ಫೋಟೋ ಕಳಿಸಲೇ?"

"ಬೇಡಪ್ಪ, ಏನೂ ಮಾಡಬೇಡ. ಹೇಗಿದೆಯೋ ಹಾಗೆಯೇ ಒಣಬಟ್ಟೆಯಲ್ಲಿ ಇಡು, ಭಾನುವಾರ ನಾನೇ ಬರುತ್ತೇನೆ" ಎಂದೆ.

ನಾನು 31 ವರ್ಷ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು. ನಿವೃತ್ತಿಯ ಮೇಲೆ ಹಳೆಯ ಉಪಕರಣಗಳ ಗುರುತು ಪತ್ತೆ ಮಾಡುವುದೇ ನನ್ನ ನಿತ್ಯದ ಕೆಲಸವಾಗಿದೆ. ಈ ಅನುಭವದಲ್ಲಿ ಕಂಡದ್ದೆಂದರೆ, ಹಳೆಯ ಚಾಕುವಿನ ಗುರುತನ್ನು ಅಳಿಸುವುದು ಕಾಲವಲ್ಲ, ಸಿಕ್ಕಿದ ಮೊದಲ ದಿನ ಪ್ರೀತಿಯಿಂದ ಉಜ್ಜುವ ಕೈ. ತಯಾರಕರ ಮುದ್ರೆ ಇರುವುದು ಅಲಗಿನ ಬುಡದಲ್ಲಿ, ಹಿಡಿಗೆ ಸೇರುವ ಕಡೆ, ಹೆಚ್ಚೆಂದರೆ ಒಂದು ಬೆರಳುಗುರಿನಷ್ಟು ಜಾಗದಲ್ಲಿ. ಅದರ ಆಳ ಕೂದಲೆಳೆಯಷ್ಟು. ನೂರು ಸಲ ಸಾಣೆ ಹಿಡಿದರೂ ಉಳಿದುಕೊಂಡ ಅಕ್ಷರ, ಉಪ್ಪುಕಾಗದದ ಐದು ನಿಮಿಷಕ್ಕೆ ಹೋಗಿಬಿಡುತ್ತದೆ. ಅಂಥ ಬೋಳು ಅಲಗುಗಳನ್ನು ಹಿಡಿದು ಬಂದವರಿಗೆ ಏನೂ ಹೇಳಲಾಗದೆ ಕಳಿಸಿದ ಸಂಕಟ ನನಗೆ ಹಲವು ಸಲ ಆಗಿದೆ.

ಮೊದಲ ನೋಟ

ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಬಿಳಿ ಪಂಚೆ ಹಾಸಿ ಚಾಕುವನ್ನು ಇಟ್ಟೆವು. ಮಡಿಸಿದಾಗ ಉದ್ದ ಸುಮಾರು 9.5 ಸೆಂಟಿಮೀಟರ್. ಅಂಗೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ತೂಕ. ಹಿಡಿಯ ಎರಡೂ ಮಗ್ಗುಲಿಗೆ ಕಪ್ಪು ಪಟ್ಟಿ, ಅದರ ಮೇಲೆ ಕೈ ಜಾರದಿರಲಿ ಎಂದು ಕೊರೆದ ಅಡ್ಡಡ್ಡ ಗೆರೆಗಳ ಚೌಕುಳಿ. ಒಂದು ತುದಿಯಲ್ಲಿ ದಾರ ಕಟ್ಟಲು ಉಕ್ಕಿನ ಬಳೆ. ಇನ್ನೊಂದು ತುದಿಯ ಲೋಹ ಚಪ್ಪಟೆಯಾಗಿ ಚಾಚಿಕೊಂಡು ತಿರುಪುಳಿಯ ಮೊನೆಯ ಹಾಗಿದೆ. ಒಂದು ಕಡೆ ಅಗಲವಾದ ಅಲಗು ಮತ್ತು ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿನ ಕಡೆ ದಪ್ಪನೆಯ ಒಂದು ಮುಳ್ಳು.

ಆ ಮುಳ್ಳಿನ ಬಗ್ಗೆಯೇ ಮನೆಯಲ್ಲಿ ಹೆಚ್ಚು ಚರ್ಚೆ ನಡೆದಿತ್ತು. ಭಾವ ಅದನ್ನು 'ದಬ್ಬಳ' ಎಂದೇ ಕರೆಯುತ್ತಿದ್ದರು, ಏಕೆಂದರೆ ಅವರ ತಂದೆ ಕಾಫಿ ಚೀಲದ ಹೊಲಿಗೆ ಬಿಚ್ಚುತ್ತಿದ್ದುದು ಅದರಿಂದಲೇ. ಅಳಿಯ ಅಷ್ಟರಲ್ಲಿ ಚಾಕುವಿನ ಫೋಟೋ ತೆಗೆದು ಹಳೆಯ ಸಾಮಾನು ಮಾರುವ ಒಬ್ಬರಿಗೆ ತೋರಿಸಿದ್ದ. ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು: "ಇದು ಕುದುರೆಯ ಗೊರಸಿನಿಂದ ಕಲ್ಲು ತೆಗೆಯುವ ಮುಳ್ಳು. ಅಂದರೆ ಅಶ್ವದಳದ ಚಾಕು. ಮೈಸೂರು ಲ್ಯಾನ್ಸರ್ಸ್‌ದೇ ಇರಬೇಕು, ಹೈಫಾದಿಂದ ಬಂದದ್ದು."

ಮೈಸೂರು ಸಂಸ್ಥಾನದ ಆ ಅಶ್ವದಳ ಇಂದಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ್ದು ಮೊದಲ ಮಹಾಯುದ್ಧದಲ್ಲಿ. ಹೀಗಾಗಿ ನಾನು ಹೋಗುವ ಹೊತ್ತಿಗೆ ಒಂದೇ ಚಾಕುವಿಗೆ ಎರಡು ಯುದ್ಧಗಳು ಹಕ್ಕುದಾರರಾಗಿದ್ದವು. ಮೂರನೆಯ ಊಹೆ ಅಳಿಯನದೇ. 1890ರ ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆಯ ಬಳಿಕ ಆಮದು ಸರಕುಗಳ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು ಎಂದು ಅವನು ಮೊಬೈಲಿನಲ್ಲಿ ಓದಿದ್ದ. ಈ ಚಾಕುವಿನ ಮೇಲೆ ಯಾವ ದೇಶದ ಹೆಸರೂ ಕಾಣುವುದಿಲ್ಲವಾದ್ದರಿಂದ ಇದು 1890ಕ್ಕಿಂತ ಹಿಂದಿನದು ಎಂದು ಅವನ ತರ್ಕ. ಹುಡುಗ ಓದಿದ್ದರಲ್ಲಿ ತಪ್ಪಿರಲಿಲ್ಲ, ಅನ್ವಯಿಸಿದ ಜಾಗ ತಪ್ಪಾಗಿತ್ತು. ಅದು ಅಮೆರಿಕದ ಮಾರುಕಟ್ಟೆಗೆ ಹೋಗುವ ಸರಕಿನ ನಿಯಮ. ಬೇರೆ ದೇಶಕ್ಕೆ ಹೋದ, ಅಂಗಡಿಗೇ ಹೋಗದೆ ನೇರವಾಗಿ ಸರ್ಕಾರದ ಉಗ್ರಾಣ ಸೇರಿದ ಚಾಕುವಿಗೆ ಅದರಿಂದ ವಯಸ್ಸು ಕಟ್ಟಲಾಗದು. ಅಂಗಡಿಯ ಚಾಕುಗಳ ನಿಯಮ ಹಿಡಿದು ಸೇನೆಯ ಚಾಕುವಿಗೆ ವಯಸ್ಸು ಹೇಳುವ ಈ ತಪ್ಪು ಬಲ್ಲವರಿಂದಲೂ ಆಗುತ್ತದೆ.

ಚಾಕು ತೆರೆದದ್ದು

ಅಲಗು ಕದಲಲಿಲ್ಲ. ತಾತ ಕಡೆಯ ವರ್ಷಗಳಲ್ಲಿ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರಂತೆ. ಕೊಬ್ಬರಿ ಎಣ್ಣೆ ಮೊದಲು ನಯವಾಗಿಯೇ ಇರುತ್ತದೆ, ವರ್ಷಗಳ ಮೇಲೆ ಗಟ್ಟಿಯಾಗಿ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಇಕ್ಕಳ ಹಾಕಿ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆದರೆ ಅಲಗಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ, ಅದೃಷ್ಟ ಕೆಟ್ಟರೆ ಬೆನ್ನಿನ ಸ್ಪ್ರಿಂಗ್ ಮುರಿಯುತ್ತದೆ. ಈ ಬಗೆಯ ಚಾಕುವಿನಲ್ಲಿ ಬೀಗವೆಂಬುದಿಲ್ಲ. ಬೆನ್ನಿನ ಉದ್ದಕ್ಕೂ ಇರುವ ಉಕ್ಕಿನ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದು, ತೆರೆದಾಗ ತೆರೆದೇ ಇರುವಂತೆ, ಮಡಿಸಿದಾಗ ಮಡಿಸಿಯೇ ಇರುವಂತೆ ನೋಡಿಕೊಳ್ಳುತ್ತದೆ. ಅದು ಮುರಿದರೆ ಚಾಕು ಸತ್ತಂತೆ.

ಕೀಲಿನ ಸಂದಿಗೆ ಮಾತ್ರ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಕಪ್ಪು ಪಟ್ಟಿಗೆ ತಾಗದಂತೆ ಒರೆಸಿ, ಚಾಕುವನ್ನು ಬಿಸಿಲಿಗೆ ಹತ್ತಿರದ ನೆರಳಿನಲ್ಲಿ ಇಟ್ಟೆ. ಊಟದ ಹೊತ್ತಿಗೆ ಇನ್ನೊಮ್ಮೆ. ನಡುವೆ ಬಿದಿರಿನ ಸೀಳಿನಿಂದ ಸಂದಿಯ ಕೊಳೆ ಕೆದಕಿ ತೆಗೆದೆ. ಅದರಲ್ಲಿ ಸೆಣಬಿನ ನಾರು, ಹೊಗೆಸೊಪ್ಪಿನ ಪುಡಿ, ಮಣ್ಣು. ಸಂಜೆ ನಾಲ್ಕಕ್ಕೆ ಅಲಗಿನ ಮೇಲೆ ಉಗುರು ಸಿಕ್ಕಿಸುವ ಗೀರಿಗೆ ಹೆಬ್ಬೆರಳು ಕೊಟ್ಟು ಎತ್ತಿದಾಗ ಅಲಗು ಮೆಲ್ಲನೆ ಎದ್ದು, ಕೊನೆಯಲ್ಲಿ ಟಕ್ಕೆಂದು ಕೂತಿತು. ಪಕ್ಕದಲ್ಲಿ ಕೂತಿದ್ದ ಭಾವ ತಲೆ ಎತ್ತಿ, "ಇದೇ ಸದ್ದು" ಎಂದರು. ಮುಂದೆ ಏನೂ ಹೇಳಲಿಲ್ಲ.

ತೆರೆದ ಅಲಗು ಸುಮಾರು 6 ಸೆಂಟಿಮೀಟರ್. ಅದರ ಬೆನ್ನು ತುದಿಯಲ್ಲಿ ಬಾಗಿ ಅಂಚನ್ನು ಸೇರುತ್ತದೆ, ಚುಚ್ಚುವ ಮೊನೆ ಇಲ್ಲ. ಅಂಚು ಹೊಟ್ಟೆ ಒಳಗೆ ಎಳೆದುಕೊಂಡ ಹಾಗೆ ಒಳಬಾಗಿದೆ. ಇದು ಮೂಲ ಆಕಾರವಲ್ಲ. ಸಾಣೆಕಲ್ಲು ಮುಟ್ಟದ ಬುಡದ ಕಡೆ ಅಲಗು ಎಷ್ಟು ಅಗಲವಿದೆ ಎಂದು ಅಳೆದು, ಆ ಗೆರೆಯನ್ನೇ ತುದಿಯವರೆಗೆ ಎಳೆದು ನೋಡಿದರೆ ಮೂಲದಲ್ಲಿ ಅಂಚು ನೇರವಾಗಿತ್ತೆಂದು ತಿಳಿಯುತ್ತದೆ. ನಡುವೆ ಸವೆದದ್ದು 4 ಮಿಲಿಮೀಟರ್. ನಲವತ್ತು ವರ್ಷಗಳ ದುಡಿಮೆ ಅದು. ಆಕಾರದಿಂದ ಚಾಕು ಗುರುತಿಸಲು ಹೊರಟವರು ಮೊದಲು ಈ ಸವೆತವನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಇಲ್ಲದಿದ್ದರೆ ಸವೆದ ಆಕಾರಕ್ಕೆ ಹೋಲುವ ಚಿತ್ರ ಹುಡುಕುತ್ತಾ ಎಲ್ಲೆಲ್ಲಿಯೋ ಹೋಗಿಬಿಡುತ್ತಾರೆ.

ಅಲಗಿನ ಬಣ್ಣ ಎರಡು ಬಗೆ. ಕೆಲವು ಕಡೆ ಕೆಂಪು ತುಕ್ಕು, ಉಳಿದೆಡೆ ನೀಲಿ ಮಿಶ್ರಿತ ಕಪ್ಪು. ಕೆಂಪು ರೋಗ, ಕಪ್ಪು ಕವಚ. ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಇಂಥ ಕಪ್ಪು ಹಿಡಿಯುತ್ತದೆ, ಅಡಕತ್ತರಿಯ ಬಾಯಿಯನ್ನು ನೋಡಿದವರಿಗೆ ಗೊತ್ತು. ಹಾಗಾಗಿ ಇದು ತುಕ್ಕು ಹಿಡಿಯದ ಉಕ್ಕಲ್ಲ, ಹಳೆಯ ಇಂಗಾಲದ ಉಕ್ಕು. ಹ್ಯಾರಿ ಬ್ರಿಯರ್ಲಿ ಇಂಗ್ಲೆಂಡಿನ ಚಾಕು-ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡದ್ದು 1913ರಲ್ಲಿ. ಆದರೆ ಅದರ ಬಳಿಕವೂ ಬಹುಕಾಲ ಜೇಬುಚಾಕುಗಳು ಇಂಗಾಲದ ಉಕ್ಕಿನಲ್ಲೇ ಬಂದವು, ಆದ್ದರಿಂದ ಈ ಒಂದು ಸಂಗತಿಯಿಂದ ಕಾಲ ನಿರ್ಣಯ ಆಗದು.

ವಿನಿಗರ್ ವಾಸನೆ

ಕಾಲದ ಮೊದಲ ಗಟ್ಟಿ ಸುಳಿವು ಕಣ್ಣಿಗಿಂತ ಮುಂಚೆ ಮೂಗಿಗೆ ಸಿಕ್ಕಿತ್ತು. ಎಣ್ಣೆಬಟ್ಟೆ ಬಿಚ್ಚಿದಾಗಲೇ ಹುಳಿ ವಾಸನೆ. ಅಕ್ಕ "ಉಪ್ಪಿನಕಾಯಿ ಕೆಟ್ಟ ಹಾಗಿದೆ" ಎಂದಿದ್ದಳು. ಹಿಡಿಯ ಕಪ್ಪು ಪಟ್ಟಿಗಳು ಅಂಚಿನಲ್ಲಿ ಸ್ವಲ್ಪ ಕುಗ್ಗಿ, ಒಂದು ಮಗ್ಗುಲಲ್ಲಿ ಮೇಲಕ್ಕೆ ಬಾಗಿದ್ದವು. ಹಿತ್ತಾಳೆಯ ಮೊಳೆಗಳ ಸುತ್ತ ಹಸಿರು ಪುಡಿ ಕೂತಿತ್ತು.

ಮನೆಯವರು ಅದನ್ನು ಕೊಂಬು ಎಂದುಕೊಂಡಿದ್ದರು. ಹಾಗೆ ನೋಡಿದರೆ ಕೋಣದ ಕೊಂಬಿನ ಹಿಡಿಗಳು ಇದೇ ಬಣ್ಣದವು. ಆದರೆ ಹಳೆಯ ಕೊಂಬು ಪದರ ಪದರವಾಗಿ ಏಳುತ್ತದೆ, ಹುಳು ತಿಂದ ಗುಳಿಗಳಿರುತ್ತವೆ. ಮೂಳೆಯಾದರೆ ಮಸೂರದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಚುಕ್ಕೆಗಳು ಕಾಣುತ್ತವೆ. ಇಲ್ಲಿ ಪದರವಿಲ್ಲ, ಗುಳಿಯಿಲ್ಲ, ಚುಕ್ಕೆಯೂ ಇಲ್ಲ. ಕಾದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ವಸ್ತುವಿಗೆ ಗಾಯವಾಗುತ್ತದೆ. ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಸೆಲ್ಯುಲಾಯ್ಡ್ ಕರ್ಪೂರದ ವಾಸನೆ ಬೀರುತ್ತದೆ. ಇಲ್ಲಿದ್ದದ್ದು ಕರ್ಪೂರವಲ್ಲ, ವಿನಿಗರ್.

ವಿನಿಗರ್ ವಾಸನೆಯೆಂದರೆ ಸೆಲ್ಯುಲೋಸ್ ಅಸಿಟೇಟ್. ಹಳೆಯ ಸಿನಿಮಾ ರೀಲುಗಳು ಹಾಳಾಗುವಾಗ ಬರುವ ವಾಸನೆಯೇ ಇದು. ಆ ಪ್ಲಾಸ್ಟಿಕ್ ವಯಸ್ಸಾದಂತೆ ಅಸಿಟಿಕ್ ಆಮ್ಲ ಬಿಡುತ್ತದೆ. ಆಮ್ಲ ಹಿತ್ತಾಳೆಯ ತಾಮ್ರವನ್ನು ತಿಂದು ಆ ಹಸಿರು ಪುಡಿ ಮಾಡುತ್ತದೆ, ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬ್ರಿಟನ್ನಿನಲ್ಲಿ ಇದನ್ನು 'ಬೆಕ್ಸಾಯ್ಡ್' ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನೆಯ ಮಡಿಸುವ ಚಾಕುಗಳಿಗೆ ಚೌಕುಳಿ ಕೊರೆದ ಕಪ್ಪು ಬೆಕ್ಸಾಯ್ಡ್ ಪಟ್ಟಿ ಹಾಕುವುದು ಸಾಮಾನ್ಯವಾಗಿತ್ತು.

ಇಲ್ಲಿಗೆ ಹೈಫಾದ ಊಹೆ ಬಿದ್ದುಹೋಯಿತು. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಅದು ನಮಗೆಲ್ಲ ಹೆಮ್ಮೆಯ ದಿನ, ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಆದರೆ ಆ ಯುದ್ಧದ ಸೇನಾ ಚಾಕುಗಳು ಇದಕ್ಕಿಂತ ದೊಡ್ಡವು, ಈ ಪ್ಲಾಸ್ಟಿಕ್ಕಿನ ಹಿಡಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ.

ಮುಳ್ಳಿನ ವಿಷಯವೂ ಹೇಳಬೇಕು. ಕುದುರೆಯ ಗೊರಸಿನ ಕಲ್ಲಿನ ಕಥೆ ಇಂಗ್ಲೆಂಡಿನಲ್ಲೇ ಹುಟ್ಟಿ ಲೋಕವೆಲ್ಲ ಸುತ್ತಿದೆ, ಹಳೆಯ ಸಾಮಾನಿನ ವ್ಯಾಪಾರದಲ್ಲಿ ಇದರಷ್ಟು ಗಟ್ಟಿ ಬೇರು ಬಿಟ್ಟ ಕಥೆ ಇನ್ನೊಂದಿಲ್ಲ. ನಿಜದಲ್ಲಿ ಅದು ಹಗ್ಗದ ಮುಳ್ಳು. ನಾವಿಕರು ಹಗ್ಗದ ಹುರಿ ಬಿಡಿಸಿ ಹೆಣೆಯಲು, ನೆನೆದು ಬಿಗಿದ ಗಂಟು ಸಡಿಲಿಸಲು ಬಳಸುತ್ತಿದ್ದ ಉಪಕರಣ ಸೇನೆಯ ಚಾಕುವಿಗೂ ಬಂತು. ಡೇರೆ, ಟಾರ್ಪಾಲು, ಹೇರು ಕಟ್ಟುವ ಹಗ್ಗ ಇರುವಲ್ಲೆಲ್ಲ ಅದಕ್ಕೆ ಕೆಲಸವಿತ್ತು. ತಾತ ಅದರಿಂದ ಚೀಲದ ಹೊಲಿಗೆ ಬಿಚ್ಚಿದ್ದು ಮುಳ್ಳಿನ ಮೂಲ ಕೆಲಸಕ್ಕೆ, ಗೊರಸಿನ ಕಥೆಗಿಂತ ಎಷ್ಟೋ ಹತ್ತಿರ.

ಟಾರ್ಚಿನ ಬೆಳಕಿನಲ್ಲಿ

ಕತ್ತಲಾದ ಮೇಲೆ ಮುದ್ರೆ ಓದಲು ಕುಳಿತೆವು. ಇದಕ್ಕೆ ಕತ್ತಲೆಯೇ ಬೇಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಅಲಗಿಗೆ ತಾಗುವಷ್ಟು ಕೆಳಗೆ, ಪಕ್ಕದಿಂದ ಹಿಡಿಯಬೇಕು. ನೇರ ಬೆಳಕಿನಲ್ಲಿ ಬರೀ ಕಪ್ಪಾಗಿ ಕಾಣುವ ಲೋಹ, ಅಡ್ಡ ಬೆಳಕಿನಲ್ಲಿ ಉಬ್ಬುತಗ್ಗುಗಳ ನೆರಳು ಬಿಟ್ಟುಕೊಡುತ್ತದೆ. ಬೆಳಕನ್ನು ಸುತ್ತಲೂ ತಿರುಗಿಸುತ್ತಾ ಅಳಿಯ ಮೊಬೈಲಿನಲ್ಲಿ ಮೂವತ್ತಕ್ಕೂ ಹೆಚ್ಚು ಫೋಟೋ ತೆಗೆದ. ಒಂದು ಕೋನದಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಅಲಗಿನ ಬುಡದ ಒಂದು ಮಗ್ಗುಲಲ್ಲಿ ಮೂರು ಗೆರೆಗಳು ಮೇಲೆ ಒಂದು ಬಿಂದುವಿನಲ್ಲಿ ಕೂಡಿದ ಗುರುತು. ಭಾವ ಅದನ್ನು ಕೋಳಿಕಾಲು ಎಂದರು, ಅಕ್ಕನಿಗೆ ತಲೆಕೆಳಗಾದ ನಾಮದ ಹಾಗೆ ಕಂಡಿತು. ಇಬ್ಬರ ಕಣ್ಣೂ ಸರಿಯಾಗಿಯೇ ಕಂಡಿತ್ತು. ಅದು ಬ್ರಿಟಿಷ್ ಸರ್ಕಾರದ ಆಸ್ತಿಯ ಬಾಣ. ಶತಮಾನಗಳಿಂದ ತೋಪಿನಿಂದ ಹಿಡಿದು ಚಮಚದವರೆಗೆ ಸರ್ಕಾರಿ ಉಗ್ರಾಣದ ಪ್ರತಿಯೊಂದು ವಸ್ತುವಿಗೂ ಈ ಗುರುತು ಹೊಡೆಯುತ್ತಿದ್ದರು, ಕದ್ದು ಮಾರಿದರೆ ಸಿಕ್ಕಿಬೀಳಲಿ ಎಂದು. ವಸಾಹತುಗಳು ತಮ್ಮ ತಮ್ಮ ಬಾಣ ಮಾಡಿಕೊಂಡವು: ಕೆನಡಾದ್ದು ಇಂಗ್ಲಿಷಿನ ಸಿ ಅಕ್ಷರದ ಒಳಗೆ ಬಾಣ, ಆಸ್ಟ್ರೇಲಿಯಾದ್ದು ಎರಡು ಡಿ ಅಕ್ಷರಗಳ ನಡುವೆ ಬಾಣ, ಭಾರತ ಸರ್ಕಾರದ್ದು ಬಾಣದ ಕೆಳಗೆ ಐ ಅಕ್ಷರ. ಆದ್ದರಿಂದ ಬಾಣ ಕಂಡೊಡನೆ ನಿಲ್ಲಬಾರದು, ಅದರ ಸುತ್ತ ಏನಿದೆ ಎಂದು ನೋಡಬೇಕು. ನಾನು ಐ ಅಕ್ಷರಕ್ಕಾಗಿ ಬಹಳ ಹೊತ್ತು ಹುಡುಕಿದೆ. ಮನಸ್ಸಿಗೆ ಅದೇ ಬೇಕಿತ್ತು. ಸಿಗಲಿಲ್ಲ. ಬಾಣದ ಕೆಳಗಿನ ಜಾಗ ಚೊಕ್ಕವಾಗಿತ್ತು. ಅದರ ಪಕ್ಕದಲ್ಲಿ 194 ಎಂಬ ಮೂರು ಅಂಕಿಗಳು, ನಾಲ್ಕನೆಯದನ್ನು ತುಕ್ಕು ಅರ್ಧ ತಿಂದಿತ್ತು. ಉಳಿದ ಕೆಳಭಾಗದ ಬಾಗು 0, 3, 5, 6, 8 ಯಾವುದೂ ಆಗಬಹುದಿತ್ತು. ಎಡದಿಂದ ಬೆಳಕು ಬಿಟ್ಟ ಎರಡು ಫೋಟೋಗಳಲ್ಲಿ ಎಡಮಗ್ಗುಲು ತೆರೆದೇ ಇದ್ದದ್ದೂ ನಡುವೆ ಒಳಕ್ಕೆ ಚಾಚಿದ ಸಣ್ಣ ಮೂತಿಯೂ ಕಂಡವು. 1943.

ಇನ್ನೊಂದು ಮಗ್ಗುಲು ಹೆಚ್ಚು ಸವೆದಿತ್ತು. ಎರಡು ಸಾಲು ಇಂಗ್ಲಿಷ್ ಅಕ್ಷರಗಳು. ಮೇಲಿನ ಸಾಲಿನಲ್ಲಿ 'ಜಿ, ಇ, ಆರ್, ಎಸ್', ಆಮೇಲೆ 'ಮತ್ತು' ಎಂಬುದರ ಚಿಹ್ನೆ, ಒಂದು 'ಎಸ್'. ಕೆಳಗಿನದರಲ್ಲಿ 'ಫೀಲ್ಡ್' ಎಂಬಷ್ಟು. ಅಕ್ಷರಗಳ ಎಡಕ್ಕೆ ಒಂದು ನಕ್ಷತ್ರ, ಅದರ ಪಕ್ಕ ಅಳಿಯ 'ಹೂವು' ಎಂದುಕೊಂಡಿದ್ದ ನಾಲ್ಕು ದಳದ ಆಕೃತಿ. ಅದು ಹೂವಲ್ಲ, ಮಾಲ್ಟೀಸ್ ಶಿಲುಬೆ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಜೊತೆಗಿದ್ದರೆ ಅದು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಾರ್ಖಾನೆಯ ಗುರುತು, 18ನೇ ಶತಮಾನದಿಂದ ಬಂದದ್ದು.

ಹೆಸರು ಸಿಕ್ಕ ಸಂತೋಷದಲ್ಲಿ ನಾನು ಸುಮ್ಮನಾಗಲಿಲ್ಲ, ಕಾರಣವಿದೆ. ರಾಡ್ಜರ್ಸ್ ಹೆಸರಿನಷ್ಟು ನಕಲಾದ ಹೆಸರು ಚಾಕುಗಳ ಲೋಕದಲ್ಲಿ ಅಪರೂಪ. ಶೆಫೀಲ್ಡಿನಲ್ಲಿ ಚಾಕು ಮಾಡುವವರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯ ಬಲ ಸಿಕ್ಕಿತ್ತು, ಯಾರ ಗುರುತು ಯಾರದ್ದು ಎಂದು ಕಾಯುವುದೇ ಅದರ ಮುಖ್ಯ ಕೆಲಸ. ಹಾಗಿದ್ದೂ ಹೊರದೇಶಗಳಲ್ಲಿ ಶೆಫೀಲ್ಡಿನ ಹೆಸರು ಹೊಡೆದ ಅಗ್ಗದ ಮಾಲು ತುಂಬಿಕೊಂಡಿತು. 1887ರಲ್ಲಿ ಬ್ರಿಟನ್ ಸರಕು ಗುರುತುಗಳ ಕಾಯ್ದೆ ತಂದುದರ ಹಿಂದೆ ಈ ಊರಿನ ಕಮ್ಮಾರರ ದೂರುಗಳೂ ಇದ್ದವು. ಆದ್ದರಿಂದ ಮುದ್ರೆಯನ್ನು ನಂಬುವ ಮುಂಚೆ ಕೆಲಸವನ್ನು ನೋಡಬೇಕು. ಇಲ್ಲಿ ಬೆನ್ನಿನ ಸ್ಪ್ರಿಂಗ್, ತೆರೆದಾಗಲೂ ಮಡಿಸಿದಾಗಲೂ ಒಳಪಟ್ಟಿಯ ಅಂಚಿನ ಜೊತೆ ಒಂದೇ ಮಟ್ಟಕ್ಕೆ ಕೂರುತ್ತದೆ, ಉಗುರು ಹಾಯಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಎಂಬತ್ತು ವರ್ಷದ ಬಳಿಕವೂ ಅಲಗು ಅತ್ತಿತ್ತ ಅಲ್ಲಾಡುವುದಿಲ್ಲ. ಟೂಲ್ ರೂಮಿನಲ್ಲಿ ದುಡಿದವನಾಗಿ ಹೇಳುತ್ತೇನೆ, ಈ ಹೊಂದಿಕೆ ಕೈಯಿಂದ ಅರ ಹಾಕಿ ಕೂಡಿಸಿದವರದು. 1940ರ ಡಿಸೆಂಬರಿನಲ್ಲಿ ಜರ್ಮನ್ ವಿಮಾನಗಳು ಶೆಫೀಲ್ಡಿನ ಮೇಲೆ ಬಾಂಬು ಸುರಿದಿದ್ದವು. ಆ ಊರಿನ ಜನ ಮೂರು ವರ್ಷಗಳ ಮೇಲೆ ಮಾಡಿದ ಕೆಲಸ ಇದು ಎಂದು ನೆನೆದಾಗ ಅವರಿಗೆ ಕೈ ಮುಗಿಯಬೇಕೆನಿಸಿತು.

ಜಪಾನಿ ಅಕ್ಷರಗಳು

ಆದರೆ ಅಳಿಯ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವನ ಬಳಿ ಪುರಾವೆಯೂ ಇತ್ತು. "ಮಾವ, ಹಾಗಾದರೆ ಇದೇನು?" ಎಂದು ಹಿಡಿಯ ಕಪ್ಪು ಪಟ್ಟಿ ತೋರಿಸಿದ. ಚೌಕುಳಿಯ ನಡುವೆ ಸೂಜಿಯಂಥದ್ದರಲ್ಲಿ ಗೀಚಿದ ನಾಲ್ಕು ಗುರುತುಗಳು. ಸುರುಳಿ, ಕೊಂಡಿ, ಬಾಲ. "ಇಂಗ್ಲಿಷ್ ಅಲ್ಲ, ಹಿಂದಿ ಅಲ್ಲ. ಜಪಾನಿ ಅಕ್ಷರವೇ. ಚಾಕು ಇಂಗ್ಲೆಂಡಿನದೇ ಇರಲಿ, ಜಪಾನಿ ಸೈನಿಕನ ಕೈಗೆ ಸಿಕ್ಕಿ ಅವನು ಹೆಸರು ಬರೆದಿರಬಹುದಲ್ಲ?"

ಒಳ್ಳೆಯ ಪ್ರಶ್ನೆ. ಜಪಾನಿನಲ್ಲಿಯೇ ತಯಾರಾದ ಚಾಕುವಾಗಿದ್ದರೆ ಬೇರೆ ಲಕ್ಷಣಗಳಿರುತ್ತಿದ್ದವು. ಅಲ್ಲಿನ ಪ್ರಸಿದ್ಧ ಮಡಿಸುವ ಚಾಕು ಹ್ಯೋಗೊ ಪ್ರಾಂತ್ಯದ ಮಿಕಿ ಊರಿನ 'ಹಿಗೊನೊಕಾಮಿ'. ಒಂದೇ ತಗಡನ್ನು ಬಗ್ಗಿಸಿದ ಹಿಡಿ, ಬೆನ್ನಿಗೆ ಸ್ಪ್ರಿಂಗ್ ಇಲ್ಲ, ಅಲಗಿನ ಬುಡದಿಂದ ಚಾಚಿದ ಸಣ್ಣ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ತೆರೆಯಬೇಕು. ಅದಕ್ಕೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಒಡೆಯ ಬದಲಾಗಿದ್ದರೆ? ಅದನ್ನು ಉಕ್ಕು ಹೇಳಲಾರದು.

ನಾನು ಚಾಕುವನ್ನು ತಲೆಕೆಳಗು ಮಾಡಿ ಹಿಡಿದೆ. ಬಳೆ ಕೆಳಗೆ, ತಿರುಪುಳಿಯ ಮೊನೆ ಮೇಲೆ. ಟಾರ್ಚನ್ನು ಬಲದಿಂದ ಹಿಡಿದಾಗ ಗುರುತುಗಳು ಒಂದೊಂದಾಗಿ ಎದ್ದುಬಂದವು. ಜಪಾನಿಯಲ್ಲ. ನಮ್ಮವೇ. ಕನ್ನಡದ ಅಂಕಿಗಳು.

ಮೂವತ್ತೈದು ವರ್ಷದ ನನ್ನ ಅಳಿಯ ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿಯವರೆಗೆ ಓದಿದವನು. ಆದರೂ ಕನ್ನಡದ ಅಂಕಿಗಳು ಅವನ ಕಣ್ಣಿಗೆ ಪರದೇಶದ ಅಕ್ಷರಗಳಾಗಿ ಕಂಡವು. ಬಸ್ಸಿನ ಫಲಕದಲ್ಲಿ, ಹಳೆಯ ಪುಸ್ತಕದ ಪುಟದ ಮೂಲೆಯಲ್ಲಿ ಕಂಡದ್ದು ಬಿಟ್ಟರೆ ಅವನು ಅವುಗಳನ್ನು ಬರೆದದ್ದೇ ಇಲ್ಲ. ಅವನನ್ನು ದೂರುವುದಿಲ್ಲ. ನನಗೆ ನಿಜವಾಗಿ ನೋವಾಯಿತು, ಅಷ್ಟೇ. ತಾತ ಮೈಸೂರು ಸಂಸ್ಥಾನದ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ್ದವರು, ಅವರ ಕೈಗೆ ಅಂಕಿಯೆಂದರೆ ಅದೇ.

ಮೊದಲನೆಯದು ೪, ಎರಡನೆಯದು ೮, ಇವೆರಡರಲ್ಲಿ ಅನುಮಾನವಿಲ್ಲ. ಮೂರನೆಯದೂ ನಾಲ್ಕನೆಯದೂ ಒಂದನ್ನೊಂದು ಹೋಲುತ್ತಿದ್ದವು. ೬ ಮತ್ತು ೭ ಅಚ್ಚಿನಲ್ಲೇ ಕಣ್ಣು ತಪ್ಪಿಸುತ್ತವೆ, ಇನ್ನು ಚೌಕುಳಿಯ ಮೇಲೆ ಗೀಚಿದರೆ ಕೇಳಬೇಕೆ? ಟ್ರಂಕಿನಲ್ಲಿದ್ದ ಬಿಡುಗಡೆ ಪತ್ರವನ್ನು ನಾನು ಆವರೆಗೆ ಬೇಕೆಂದೇ ತೆರೆದಿರಲಿಲ್ಲ. ಉತ್ತರ ಮೊದಲೇ ಕಂಡರೆ ಕಣ್ಣು ಅದನ್ನೇ ಓದುತ್ತದೆ. ಹಾಗಾಗಿ ನನ್ನ ಓದನ್ನು ಕಾಗದದ ಮೇಲೆ ಬರೆದಿಟ್ಟೆ: "೪೮೬೭ ಅಥವಾ ೪೮೭೬. ಮೊದಲನೆಯದೇ ಹೆಚ್ಚು ಸಂಭವ." ಅಕ್ಕನ ಕೈಗೆ ಆ ಕಾಗದ ಕೊಟ್ಟು, ಆಮೇಲೆ ಪತ್ರ ಬಿಚ್ಚಿದೆವು.

ಮಡಿಕೆಗಳಲ್ಲಿ ಹರಿದಿದ್ದ ಪತ್ರವನ್ನು ಅಳಿಯ ಓದಿದ. ಹುದ್ದೆ ಲಾರಿ ಚಾಲಕ, ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸೇವೆ ಸಲ್ಲಿಸಿದ ಕಡೆ ಬರ್ಮಾ ಗಡಿ. ಬಿಡುಗಡೆ 1946. ಮೇಲಿನ ಮೂಲೆಯಲ್ಲಿ ಸೇವಾ ಸಂಖ್ಯೆ. ಅದರ ಕೊನೆಯ ನಾಲ್ಕು ಅಂಕಿಗಳನ್ನು ಅವನು ಒಂದೊಂದಾಗಿ ಓದಿದ: ನಾಲ್ಕು, ಎಂಟು, ಆರು, ಏಳು.

ಸೈನಿಕರು ತಮಗೆ ಕೊಟ್ಟ ತಟ್ಟೆ, ಚಮಚ, ಬೆಲ್ಟು, ಚಾಕುಗಳಿಗೆ ಸೇವಾ ಸಂಖ್ಯೆಯ ಕೊನೆಯ ಅಂಕಿಗಳನ್ನು ಹಾಕಿಕೊಳ್ಳುವುದು ಆ ಸೇನೆಯ ರೂಢಿ. ಈ ಚಾಕು ಯಾವ ಸತ್ತವನ ಜೇಬಿನಿಂದಲೂ ಬಂದದ್ದಲ್ಲ. ಉಗ್ರಾಣದಿಂದ ತಾತನ ಕೈಗೆ ಬಂದು, ಅವರ ಕೈಯಲ್ಲೇ ಉಳಿದದ್ದು.

ಹಾಗಾದರೆ 'ಜಪಾನ್ ಚಾಕು' ಎಂಬ ಹೆಸರು? ಭಾವ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅಪ್ಪ ಜಪಾನ್ ಚಾಕು ಅನ್ನುತ್ತಿರಲಿಲ್ಲ ಕಣಯ್ಯ. 'ಜಪಾನ್ ಯುದ್ಧದ ಚಾಕು' ಅನ್ನುತ್ತಿದ್ದರು. ಯುದ್ಧ ಅನ್ನುವುದನ್ನು ನಾವು ಬಿಟ್ಟೆವು." ಅವರ ಕಡೆ ಹಿರಿಯರು ಮೊದಲ ಮಹಾಯುದ್ಧವನ್ನು ಜರ್ಮನ್ ಯುದ್ಧವೆಂದೂ ಎರಡನೆಯದನ್ನು ಜಪಾನ್ ಯುದ್ಧವೆಂದೂ ಕರೆಯುತ್ತಿದ್ದರಂತೆ. ನಡುವಿನ ಒಂದು ಪದ ಬಿದ್ದುಹೋದ ಜಾಗದಲ್ಲಿ ಮಕ್ಕಳ ಕಲ್ಪನೆ ಒಬ್ಬ ಸತ್ತ ಸೈನಿಕನನ್ನು ಇಟ್ಟಿತ್ತು. ಮನೆಯ ಮಾತನ್ನು ತಳ್ಳಿಹಾಕಬಾರದು ಎನ್ನುವುದು ಇದಕ್ಕೇ. ಕಾಲ, ಯುದ್ಧ ಎರಡೂ ಆ ಹೆಸರಿನಲ್ಲಿ ಸರಿಯಾಗಿಯೇ ಉಳಿದಿದ್ದವು.

1944ರ ಮಾರ್ಚಿನಲ್ಲಿ ಜಪಾನಿ ಸೇನೆ ಇಂಫಾಲ ಮತ್ತು ಕೊಹಿಮಾದ ಕಡೆ ನುಗ್ಗಿತು. ಇಂಫಾಲಕ್ಕೆ ಸರಕು ಹೋಗುತ್ತಿದ್ದ ದೀಮಾಪುರದ ರಸ್ತೆ ತಿಂಗಳುಗಟ್ಟಲೆ ಕಡಿದುಹೋಗಿ, ಜೂನ್ 22ರಂದು 109ನೇ ಮೈಲಿಗಲ್ಲಿನ ಬಳಿ ಎರಡೂ ಕಡೆಯ ಪಡೆಗಳು ಕೂಡಿಕೊಂಡ ಮೇಲೆ ತೆರೆಯಿತು. ಆ ಗುಡ್ಡದ ರಸ್ತೆಗಳಲ್ಲಿ ಮಳೆಯಲ್ಲಿ ನೆನೆದ ಟಾರ್ಪಾಲು ಹಗ್ಗದ ಗಂಟು ಬಿಚ್ಚುವವನಿಗೆ ಈ ಮುಳ್ಳು ಏನಾಗಿತ್ತು ಎಂದು ಲಾರಿಗೆ ಹೇರು ಕಟ್ಟಿದ ಯಾರನ್ನಾದರೂ ಕೇಳಬಹುದು. ತಾತ ಯುದ್ಧದ ಬಗ್ಗೆ ಮನೆಯಲ್ಲಿ ಹೆಚ್ಚು ಮಾತನಾಡಿದವರಲ್ಲ.

ಮುಂದೆ ಇಡುವುದು ಹೇಗೆ

ಬೆಲೆಯೆಷ್ಟು ಎಂದು ಅಳಿಯ ಕೇಳಿದ. ಇಂಥ ಚಾಕುಗಳು ಯುದ್ಧಕಾಲದಲ್ಲಿ ರಾಶಿ ರಾಶಿ ತಯಾರಾದವು, ಇದಕ್ಕೆ ದೊಡ್ಡ ಹಣ ಬರುವುದಿಲ್ಲ ಎಂದು ಇದ್ದದ್ದನ್ನು ಹೇಳಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂಬ ಭಯ ಅಕ್ಕನಿಗಿತ್ತು. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಇದು ಎರಡೂವರೆ ಅಂಗುಲವೂ ಇಲ್ಲ.

ಕಾಪಾಡುವುದು ಮಾತ್ರ ಎಚ್ಚರದಿಂದ ಆಗಬೇಕು. ಕೆಂಪು ತುಕ್ಕನ್ನು ಹೊಲಿಗೆ ಯಂತ್ರದ ಎಣ್ಣೆ ಮತ್ತು ಬಟ್ಟೆಯಿಂದ ಅಷ್ಟಷ್ಟೇ ಒರೆಸಿದೆ, ಕಪ್ಪನ್ನು ಮುಟ್ಟಲಿಲ್ಲ. ಸಾಣೆ ಹಿಡಿಯಲಿಲ್ಲ, ಇನ್ನು ಹಿಡಿಯುವುದೂ ಬೇಡ. ಎಣ್ಣೆಬಟ್ಟೆಯನ್ನು ಎಸೆಯಿಸಿದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಹಿಡಿ ಬಿಡುವ ಆಮ್ಲ ಅಲ್ಲೇ ಸುತ್ತಿ ಅಲಗನ್ನೂ ಹಿಡಿಯನ್ನೂ ಒಟ್ಟಿಗೆ ತಿನ್ನುತ್ತದೆ. ಆದ್ದರಿಂದ ಹತ್ತಿಯ ಚೀಲ, ಒಣಗಿದ ಗಾಜಿನ ಬೀರು, ಬಿಸಿಲು ಬೀಳದ ಜಾಗ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡುವುದು.

ಹೊರಡುವ ಮುಂಚೆ ಒಂದು ರಟ್ಟಿನ ಚೀಟಿಯಲ್ಲಿ ಗುರುತು ಬರೆದು ಚೀಲಕ್ಕೆ ಕಟ್ಟಿದೆ: "ಸೇನೆಯ ಮಡಿಸುವ ಚಾಕು. ತಯಾರಿ ಶೆಫೀಲ್ಡ್, ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, 1943. ಬ್ರಿಟಿಷ್ ಸರ್ಕಾರದ ಬಾಣದ ಗುರುತು. ಹಿಡಿಯ ಮೇಲೆ ಒಡೆಯರ ಕೈಬರಹ, ೪೮೬೭. ಅಲಗು ಬಳಕೆಯಿಂದ ಸವೆದಿದೆ." ಚೀಟಿಯನ್ನು ಭಾವ ಎರಡು ಸಲ ಓದಿದರು. ಪೆನ್ನು ಕೇಳಿ ತೆಗೆದುಕೊಂಡು, ಕೆಳಗೆ ಉಳಿದಿದ್ದ ಜಾಗದಲ್ಲಿ ತಾವೇ ಒಂದು ಸಾಲು ಸೇರಿಸಿದರು: "ಅಪ್ಪ ಇದರಿಂದ ನನಗೆ ಗಾಳಿಪಟದ ಕಡ್ಡಿ ಸೀಳಿಕೊಡುತ್ತಿದ್ದರು."